ತಣ್ಣಗವ್ನೆ

ಓದುವ ಎಲ್ಲರಿಗೂ ನಮಸ್ಕಾರ. ನಾನು ಓದು ಬರಹ ಕಲಿತದ್ದೇ ತಡವಾಗಿ. ಮೀಸೆ ಬಂದು, ಮದುವೆಯೂ ಆದ ಮೇಲೆ ಹತ್ತನೇ ತರಗತಿ ಕಟ್ಟಿ ಪಾಸು ಮಾಡಿಕೊಂಡವನು. ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರವೋ ದೀರ್ಘವೋ ತಪ್ಪಿದ್ದರೆ ನಿಮ್ಮ ಮನೆಯವನೇ ಬರೆದದ್ದು ಅಂದುಕೊಂಡು ಸರಿಮಾಡಿಕೊಂಡು ಓದಿ.

ಮೊನ್ನೆ ನಮ್ಮ ಕಂಪನಿಯ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಸಂದೇಶ ಕಳಿಸಿದ್ದರು. ಬೇಸಿಗೆಯಲ್ಲಿ ಮನೆಯನ್ನು ತಂಪಾಗಿ ಇಟ್ಟುಕೊಳ್ಳುವುದು ಹೇಗೆ ಅಂತ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಮಾಡಿಗೆ ಬಿಳಿ ಬಣ್ಣ ಬಳಿಯಿರಿ, ಮಧ್ಯಾಹ್ನ ಒಲೆ ಹಚ್ಚಬೇಡಿ, ಹೀಗೆ. ಎಲ್ಲ ಸರಿಯಾದ ಮಾತೇ. ಅದರಲ್ಲಿದ್ದ ಒಂದೊಂದನ್ನೂ ನಾವು ಒಂದು ಬೇಸಿಗೆಯಲ್ಲಿ ಮಾಡಿದ್ದೆವು. ಓದಿ ಫೋನು ಜೇಬಿಗೆ ಹಾಕಿಕೊಂಡೆ.

ಅದೇ ವಾರ ರಾಯಕೋಟೆ ರಸ್ತೆಯಲ್ಲಿ ಬರುತ್ತಿರುವಾಗ ನಾವು ಮೊದಲಿದ್ದ ಲೈನ್ ಮನೆಗಳನ್ನು ಕೆಡವುತ್ತಿದ್ದರು. ಒಂದೇ ಗೋಡೆಗೆ ಅಂಟಿಕೊಂಡು ಸಾಲಾಗಿದ್ದ ಶೀಟಿನ ಮನೆಗಳು ಅವು. ಆ ಜಾಗದಲ್ಲಿ ಕಾಂಕ್ರೀಟ್ ಮೋಲ್ಡ್ ಹಾಕಿ ಮೂರು ಅಂತಸ್ತು ಎಬ್ಬಿಸುತ್ತಾರಂತೆ. ಇಳಿಸಿದ ಸಿಮೆಂಟ್ ಶೀಟುಗಳನ್ನು ಹುಣಸೆ ಮರಕ್ಕೆ ಒರಗಿಸಿದ್ದರು. ಧೂಳು ಏಳದಿರಲಿ ಅಂತ ಒಬ್ಬ ಅವುಗಳ ಮೇಲೆ ಪೈಪಿನಲ್ಲಿ ನೀರು ಬಿಡುತ್ತಿದ್ದ. ಕಾದ ಶೀಟಿನ ಮೇಲೆ ನೀರು ಬಿದ್ದು, ಹಳೆಯ ಸುಣ್ಣ ನೆನೆದ ವಾಸನೆ ಮೂಗಿಗೆ ಬಂತು. ಗಾಡಿ ನಿಲ್ಲಿಸಿದೆ. ಶೀಟಿನ ಹಳ್ಳಗಳಲ್ಲಿ ಬಿಳಿ ಇನ್ನೂ ಉಳಿದಿತ್ತು. ಅದು ನಾನು ಬಳಿದ ಸುಣ್ಣ.

"ಯಾರ್ ಬೇಕಣ್ಣಾ?" ಅಂದ ನೀರು ಬಿಡುತ್ತಿದ್ದವನು.

"ಯಾರೂ ಇಲ್ಲ," ಅಂದೆ. ಹೌದು, ಅಲ್ಲಿ ಯಾರೂ ಇಲ್ಲ.

ಮಂಜ ನನ್ನ ತಮ್ಮ. ಮಂಜುನಾಥ ಅಂತ ಅವ್ವ ಇಟ್ಟ ಹೆಸರು. ನಾವು ಮಾಲೂರು ಕಡೆಯ ಹಳ್ಳಿಯವರು. ಮೊದಲು ನಾನು ಗಡಿ ದಾಟಿ ತಮಿಳುನಾಡಿನ ಹೊಸೂರಿಗೆ ಬಂದು ಕಂಪನಿ ಸೇರಿದೆ. ಆಮೇಲೆ ಅವ್ವನನ್ನೂ ಮಂಜನನ್ನೂ ಕರೆಸಿಕೊಂಡೆ. ಮಂಜನಿಗೆ ಮಿಷಿನ್ ಮುಂದೆ ಒಂದೇ ಕಡೆ ನಿಲ್ಲುವ ಕೆಲಸ ಒಗ್ಗಲಿಲ್ಲ. ಶೀಟ್ ಹಾಕುವ ಗ್ಯಾಂಗಿಗೆ ಸೇರಿಕೊಂಡ. ಸೂಳಗಿರಿ ಕಡೆ ಆಗ ದಿನಕ್ಕೊಂದು ಕೋಳಿ ಶೆಡ್ಡು ಏಳುತ್ತಿತ್ತು. ಅವನು ಮೇಲೆ ನಿಂತು ಕೆಳಗಿದ್ದವರನ್ನು ರೇಗಿಸುತ್ತಾ, ಬೆಕ್ಕು ಗೋಡೆಯ ಮೇಲೆ ನಡೆದ ಹಾಗೆ ನಡೆಯುತ್ತಿದ್ದ. ಒಂದು ಹಳೆಯ ಗೋದಾಮಿನ ಮಾಡು ಬಿಚ್ಚುವಾಗ ನೀರಿನ ಬಾಟಲಿ ಉರುಳಿತಂತೆ. ಅದನ್ನು ಹಿಡಿಯಲು ಒಂದು ಹೆಜ್ಜೆ ಆಚೆ ಇಟ್ಟ. ಬಿಸಿಲು ಮಳೆ ತಿಂದು ಸವೆದಿದ್ದ ಶೀಟು ಹಪ್ಪಳದ ಹಾಗೆ ಮುರಿಯಿತು. ಕುತ್ತಿಗೆಯ ಮೂಳೆಗೆ ಏಟು ಬಿತ್ತು. ತಲೆ ಉಳಿಯಿತು, ಮಾತು ಉಳಿಯಿತು, ತೋಳು ಸ್ವಲ್ಪ ಎತ್ತುವಷ್ಟು ಉಳಿಯಿತು. ಎದೆಯಿಂದ ಕೆಳಗೆ ಮೈ ಇದ್ದೂ ಇಲ್ಲದ ಹಾಗಾಯಿತು.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ತಮಿಳಿನಲ್ಲಿ ಏನೇನೋ ಹೇಳಿದರು. ಹೊರಳಿಸಿ ಮಲಗಿಸಬೇಕು, ಬೆನ್ನು ಹುಣ್ಣಾಗಬಾರದು ಅಂತ. ಕೊನೆಗೆ, "ಇವರುಕ್ಕು ವೇರ್ಕಾದು, ಪಾತ್ತುಕ್ಕೋಂಗ," ಅಂದರು. ಇವನಿಗೆ ಬೆವರು ಬರಲ್ಲ, ನೋಡಿಕೊಳ್ಳಿ ಅಂತ. ಕಂಪನಿಯಲ್ಲಿ ಕಿವಿಯಿಂದ ಕಲಿತ ತಮಿಳು ನನ್ನದು. ಮಾತು ಅರ್ಥವಾಯಿತು, ಮರ್ಮ ಅರ್ಥವಾಗಲಿಲ್ಲ. ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕೈ ಮುಗಿದಳು. "ಅಷ್ಟಾದ್ರೂ ಪುಣ್ಯ ಮಾಡವ್ನೆ ಬುಡು, ಸೆಕೆ ತಾಗಲ್ವಂತೆ," ಅಂದಳು. ನಮ್ಮ ಕಡೆ ಬೆವರು ಅಂದರೆ ಕಷ್ಟ. ಬೆವರಿಲ್ಲ ಅಂದರೆ ಸುಖ. ನಮಗೆ ಗೊತ್ತಿದ್ದದ್ದು ಇಷ್ಟೇ.

ಮಂಜನ ಮಂಚ ಹಾಕಿದ್ದು ಒಳಕೋಣೆಯಲ್ಲಿ, ಕಿಟಕಿಯ ಪಕ್ಕ. ಅಂಗಾತ ಮಲಗಿದರೆ ಕಣ್ಣಿಗೆ ಕಾಣುವುದು ಶೀಟು ಒಂದೇ. ಮೊದಲ ದಿನ ನೋಡಿ ನಕ್ಕ. "ಯಾವ್ ಕೆಲ್ಸ ಬುಟ್ರೂ ಈ ಕೆಲ್ಸ ನನ್ ಬುಡಲಿಲ್ಲ ನೋಡಣ್ಣಾ. ಮೇಲಿಂದ ನೋಡ್ತಿದ್ದೆ, ಈಗ ಕೆಳಗಿಂದ," ಅಂದ. ಯಾವ ಶೀಟು ಸರಿಯಾಗಿ ಕೂತಿಲ್ಲ, ಯಾವ ಹುಕ್ಕು ಸಡಿಲವಾಗಿದೆ ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

ಹೊಸೂರು ತಂಪು ಊರು ಅಂತ ಹಳಬರು ಹೇಳುತ್ತಾರೆ. ಒಂದು ಕಾಲಕ್ಕೆ ಇಲ್ಲಿ ಫ್ಯಾನೇ ಬೇಕಿರಲಿಲ್ಲವಂತೆ. ಇರಬಹುದು. ನಾವು ನೋಡಿದ್ದು ಕೆರೆ ಒಣಗಿ, ಮರ ಕಡಿದು, ಶೀಟು ಕಾದ ಹೊಸೂರನ್ನು. ಆ ವರ್ಷ ಯುಗಾದಿಗೆ ಮೊದಲೇ ಬಿಸಿಲು ಹತ್ತಿಕೊಂಡಿತು. ಹತ್ತು ಗಂಟೆಗೆಲ್ಲ ಶೀಟು ಟಕ್ ಟಕ್ ಅಂತ ಸದ್ದು ಮಾಡುತ್ತಿತ್ತು. ಮನೆಯೊಳಗೆ ನಿಂತರೆ ನೆತ್ತಿಯ ಮೇಲೆ ಹೆಂಚು ಇಟ್ಟ ಹಾಗೆ. ನನ್ನ ಹೆಂಡತಿ ಪದ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒರೆಸಿಕೊಂಡು ಸೆರಗೇ ಒದ್ದೆ. ಅವ್ವನ ರವಿಕೆ ಒದ್ದೆ. ನನ್ನ ಬನಿಯನ್ ಹಿಂಡುವ ಹಾಗೆ. ಮಂಜ ಮಾತ್ರ ಒಣಗಿಕೊಂಡು ಮಲಗಿದ್ದ.

"ನೋಡ್ಲಾ, ನಮಗೆಲ್ಲ ಸ್ನಾನ ಆಯ್ತು, ನನ್ ಮಗ ಒರ್ಸಿಟ್ಟಂಗವ್ನೆ," ಅಂತ ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು. ಫ್ಯಾನನ್ನು ಅವನ ಕಡೆಯಿಂದ ನಮ್ಮ ಕಡೆಗೆ ತಿರುಗಿಸಿ ಅಂತ ಮಂಜನೇ ಹೇಳುತ್ತಿದ್ದ. ನಾವು ತಿರುಗಿಸಿಕೊಳ್ಳುತ್ತಿದ್ದೆವು.

ಒಂದು ಭಾನುವಾರ ಊಟವಾದ ಮೇಲೆ ಮಂಜ ಪದ್ಮನನ್ನು ನಮ್ಮ ಸತ್ತ ಅಕ್ಕನ ಹೆಸರಿನಿಂದ ಕರೆದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆವು. ಆಮೇಲೆ, "ಹಗ್ಗ ಇಳಿಸ್ಲಾ, ಹಗ್ಗ ಇಳಿಸ್ಲಾ," ಅಂತ ಮಾಡು ನೋಡಿಕೊಂಡು ಹೇಳತೊಡಗಿದ. ಎದೆಯ ಮೇಲೆ ಕೈ ಇಟ್ಟೆ. ಒಲೆಯ ಪಕ್ಕದ ಗೋಡೆ ಮುಟ್ಟಿದ ಹಾಗಿತ್ತು. ಅವ್ವ ಓಡಿ ಬಂದು ಮುಟ್ಟಿದಳು. "ಅಯ್ಯೋ, ಮಂಜು ಅಂತ ಹೆಸ್ರಿಟ್ಟೆ, ಮೈ ಕೆಂಡ ಆಗೋಯ್ತಲ್ಲಪ್ಪಾ! ಜ್ವರ ಕಣ್ಲಾ ಇದು. ಬೆವ್ರು ಬಂದ್ರೆ ಇಳೀತದೆ," ಅಂತ ಗೂಡಿನಿಂದ ಕಂಬಳಿ ತೆಗೆದು ಕುತ್ತಿಗೆಯವರೆಗೆ ಹೊದಿಸಿದಳು. ನಾವು ಚಿಕ್ಕವರಿದ್ದಾಗ ಜ್ವರ ಬಂದರೆ ಹಾಗೇ ಮಾಡುತ್ತಿದ್ದಳು. ಹೊದಿಸಿ, ಬೆವರು ಬಂತಾ ಅಂತ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬೆವರು ಬಂದರೆ ಮಗ ಉಳಿದ ಅಂತ.

ಬೆವರು ಬರಲಿಲ್ಲ. ಮಂಜನ ಕಣ್ಣು ಮೇಲಕ್ಕೆ ಹೋಗುತ್ತಿತ್ತು.

ನಮ್ಮ ಸಾಲಿನಲ್ಲೇ ಸೆಲ್ವಿ ಅಕ್ಕ ಅಂತ ಇದ್ದರು. ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಪದ್ಮ ಓಡಿಹೋಗಿ ಅವರನ್ನು ಎಳೆದುಕೊಂಡು ಬಂದಳು. ಬಾಗಿಲಲ್ಲೇ ಅವರು ಕೂಗಿದರು. "ಕಂಬಳಿ ಎಡುಂಗ! ಎಡುಂಗಮ್ಮಾ ಮೊದಲ್ಲ!" ಮೊದಲು ಕಂಬಳಿ ತೆಗೆಯಿರಿ ಅಂತ. ಅವ್ವ ಬಿಡಲಿಲ್ಲ, ಹಿಡಿದುಕೊಂಡೇ ಇದ್ದಳು. ಸೆಲ್ವಿ ಅಕ್ಕ ಕಿತ್ತು ಮೂಲೆಗೆ ಎಸೆದರು. ಅಂಗಿ ಬಿಚ್ಚಿದರು. ಕೊಡದ ನೀರಿಗೆ ಪಂಚೆ ಅದ್ದಿ ಮೈಯೆಲ್ಲ ಮುಚ್ಚಿ, ಫ್ಯಾನನ್ನು ಅವನ ಮೇಲೇ ತಿರುಗಿಸಿ, ಕಂಕುಳಿಗೆ ಕುತ್ತಿಗೆಗೆ ಒದ್ದೆ ಬಟ್ಟೆ ಇಟ್ಟು, ಒಣಗಿದರೆ ಮತ್ತೆ ಅದ್ದಿ ಅಂತ ನಮ್ಮ ಕೈಗೆ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮಂಜ ಕಣ್ಣು ಬಿಟ್ಟು, "ಯಾಕಣ್ಣ ಎಲ್ರೂ ಸೇರವ್ರೆ? ನಾನ್ ಹೋಗ್ಬುಟ್ನಾ?" ಅಂದ.

ಸೆಲ್ವಿ ಅಕ್ಕ ಆಗ ನಮ್ಮನ್ನು ಕೂರಿಸಿ ಹೇಳಿದರು. ತಮಿಳೂ ಕನ್ನಡವೂ ಕಲಸಿದ ಮಾತು ಅವರದು. ಬೆವರು ಅಂದರೆ ಮೈ ತನಗೆ ತಾನೇ ನೀರು ಚಿಮುಕಿಸಿಕೊಳ್ಳುವುದು. ಕುತ್ತಿಗೆಯ ನರ ಹೋದ ಮೇಲೆ ಅವನ ಮೈಗೆ ಅದು ಮರೆತುಹೋಗಿದೆ. ಒಣಗಿಕೊಂಡು ಇದ್ದಾನೆ ಅಂದರೆ ಸುಖವಾಗಿ ಇದ್ದಾನೆ ಅಂತಲ್ಲ, ಒಳಗೆ ಬೇಯುತ್ತಿದ್ದಾನೆ ಅಂತ. "ಅವರುಕ್ಕು ವೇರ್ವೆ ಇನಿ ನೀಂಗದಾನ್," ಅಂದರು. ಇನ್ನು ಅವನ ಬೆವರು ನೀವೇ. "ಕತ್ತಿರಿ ದಾಟಿಸಿಬಿಡಿ. ಆಮೇಲೆ ಮಳೆ ಬರುತ್ತೆ, ಭಯ ಇಲ್ಲ."

ತಮಿಳರು ಬೇಸಿಗೆಯ ಕಡೆಯ, ಕೆಟ್ಟ ಬಿಸಿಲಿನ ದಿನಗಳಿಗೆ ಕತ್ತಿರಿ ಅನ್ನುತ್ತಾರೆ. ಅವ್ವ ಮೂಲೆಯಲ್ಲಿ ಬಿದ್ದಿದ್ದ ಕಂಬಳಿಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎದ್ದು ಬಂದು ಮಗನ ಎದೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟಿದ್ದು ಹೇಳಿದಳು. "ತಣ್ಣಗವ್ನೆ."

ಆ ದಿನದಿಂದ ನಮ್ಮ ಮನೆಯಲ್ಲಿ ಆ ಮಾತು ಒಂದು ಮಂತ್ರದ ಹಾಗಾಯಿತು. ನಾನು ಶಿಫ್ಟಿನಲ್ಲಿ ಟೀ ಬ್ರೇಕಿಗೆ ಹೊರಗೆ ಬಂದು ಫೋನು ಮಾಡುತ್ತಿದ್ದೆ. "ಹೆಂಗವ್ನೆ?" ಅವ್ವನೋ ಪದ್ಮನೋ ಆ ಕಡೆಯಿಂದ, "ತಣ್ಣಗವ್ನೆ." "ಸರಿ," ಅಂತ ಇಟ್ಟುಬಿಡುತ್ತಿದ್ದೆ. ಬೇರೆ ಮಾತಿಗೆ ಹೊತ್ತೂ ಇರಲಿಲ್ಲ, ಬೇರೆ ಮಾತು ಬೇಕೂ ಇರಲಿಲ್ಲ. ಮಂಜನಿಗೇ ತನ್ನ ಮೈ ಕಾದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. "ಅತ್ಗೆಮ್ಮಾ, ಹೆಂಗಿದೀನಿ ನೋಡು," ಅನ್ನುತ್ತಿದ್ದ. ಪದ್ಮ ಹೊಟ್ಟೆ ಮುಟ್ಟಿ, ಪಾದ ಮುಟ್ಟಿ, "ತಣ್ಣಗಿದೀಯ, ಸುಮ್ನಿರು," ಅನ್ನುತ್ತಿದ್ದಳು. ತನ್ನ ಮೈಯ ಸುದ್ದಿಯನ್ನು ಅವನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕಿತ್ತು.

ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಹೊಡೆದೆವು. ಕಟಿಂಗ್ ಶಾಪಿನಲ್ಲಿ ತಲೆಗೆ ನೀರು ಚಿಮ್ಮಿಸುವಂಥ ಬಾಟಲಿ ತಂದೆವು. ಒಲೆಯನ್ನು ಹೊರಗೆ ಜಗಲಿಗೆ ಹಾಕಿದೆವು. ಆದರೂ ಮೇಲಿನ ಶೀಟು ಒಂದು ಕಡೆಯಿಂದ ಬೆಂಕಿ ಸುರಿಯುತ್ತಲೇ ಇತ್ತು. ಮಂಜ ಹೇಳಿದ. "ಅಣ್ಣಾ, ಕೆಳಗೆ ಎಷ್ಟ್ ನೀರ್ ಹೊಡುದ್ರೂ ಅಷ್ಟೆ. ಮೇಲೆ ಸುಣ್ಣ ಬಳೀಬೇಕು. ಅದ್ರ ಮೇಲೆ ರಾಗಿ ಹುಲ್ಲು ಹಾಸ್ಬೇಕು. ಶೆಡ್‌ನೋರೆಲ್ಲ ಹಂಗೇ ಮಾಡ್ತಿದ್ರು, ಕೋಳಿ ಸಾಯ್ತವೆ ಅಂತ."

"ಕೋಳಿಗೆ ಮಾಡೋದ್ನ ನಿಂಗೆ ಮಾಡ್ಬೇಕಾ?" ಅಂದಳು ಪದ್ಮ.

"ಕೋಳಿ ಆದ್ರೂ ಓಡಾಡ್ತದೆ ಅತ್ಗೆಮ್ಮಾ. ನಂಗೆ ಅದುಕ್ಕಿಂತ ಜಾಸ್ತಿ ಬೇಕು."

ಓನರಮ್ಮ ತೆಲುಗಿನವರು. ಬಾಡಿಗೆ ತಗೊಳ್ಳಲು ಬಂದಾಗ, ಮೇಲೆ ಹತ್ತಿ ಸುಣ್ಣ ಬಳಿಯಲಾ ಅಂತ ಕೇಳಿದೆ. "ಪೈಕಿ ಎಕ್ಕಿತೇ ಶೀಟು ಪಗಿಲಿಪೋತುಂದಿ," ಅಂದರು. ಮೇಲೆ ಹತ್ತಿದರೆ ಶೀಟು ಒಡೆದುಹೋಗುತ್ತೆ ಅಂತ. ಒಳಗಿಂದ ಮಂಜ ಕೂಗಿದ. "ಓನರಮ್ಮಾ, ನಮ್ ಮನೇಲಿ ನಾನೊಬ್ಬ ಶೀಟು ಒಡ್ದಿದ್ದೇ ಸಾಕು. ನಮ್ಮಣ್ಣ ಒಡೆಯಾಕಿಲ್ಲ." ಅವರು ಬಾಗಿಲಲ್ಲಿ ನಿಂತು ಅವನನ್ನು ನೋಡಿದರು. ಸೆರಗು ಬಾಯಿಗೆ ಇಟ್ಟುಕೊಂಡು, "ಜಾಗ್ರತ್ತ," ಅಂದು ಹೋದರು.

ಒಪ್ಪದೆ ಉಳಿದವಳು ಪದ್ಮ. ಏಣಿ ತಂದು ಗೋಡೆಗೆ ಇಟ್ಟಾಗ ಅದರ ಕಾಲನ್ನು ಹಿಡಿದುಕೊಂಡು ನಿಂತಳು. "ಒಬ್ರು ಬಿದ್ದಿದ್ದು ಸಾಲ್ದಾ? ಇಬ್ರನ್ನೂ ಪಕ್ಕಪಕ್ಕ ಮಲಗ್ಸಿ ನಾನ್ ಏನ್ ಮಾಡ್ಲಿ ಹೇಳ್ರೀ?" ಅಂದಳು. ಒಳಗಿಂದ ಮಂಜನ ದನಿ ಬಂತು. "ಅತ್ಗೆಮ್ಮಾ, ಏಣಿ ಬುಡು. ನಾನಿದೀನಿ ಅವ್ನ ಜೊತೆ."

ಸುಣ್ಣಕ್ಕೆ ನೀರು ಹಾಕಿದಾಗ ಡ್ರಮ್ಮಿನಲ್ಲಿ ಬುಳಬುಳ ಕುದಿಯಿತು. ಅದು ಆರಿದ ಮೇಲೆ ಅನ್ನದ ಗಂಜಿ ಕಲಸಿದೆವು, ಮಳೆಗೆ ಬೇಗ ತೊಳೆದುಹೋಗದಿರಲಿ ಅಂತ. ಬೆಳಗ್ಗೆ ಬಿಸಿಲು ಏರುವ ಮೊದಲೇ ಹತ್ತಿದೆ. ಕೈಯಲ್ಲಿ ಬಕೆಟ್ಟು, ಉದ್ದ ಕೋಲಿಗೆ ಕಟ್ಟಿದ ಬ್ರಷ್ಷು. ಶೀಟಿನ ಅಂಚಿಗೆ ಕಾಲು ಇಟ್ಟ ಕೂಡಲೇ ಅದು ಕಿರ್ ಅಂದಿತು. ನಾನು ಅಲ್ಲೇ ಕೂತುಬಿಟ್ಟೆ.

"ಯಾಕ್ ನಿಂತೆ?" ಅಂತ ಕೆಳಗಿಂದ ಕೇಳಿದ. ತೆಳುವಾದ ಶೀಟು, ಕಿಟಕಿ ತೆರೆದಿತ್ತು. ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳುತ್ತಿತ್ತು.

"ಸದ್ದು ಬರ್ತೈತೆ ಕಣ್ಲಾ."

"ಸದ್ದು ಬಂದ್ರೆ ಒಳ್ಳೇದು. ಸದ್ದಿಲ್ದೆ ಮುರಿಯೋದೇ ಕೆಟ್ಟದ್ದು. ಹುಕ್ಕು ಕಾಣ್ತಾವಾ, ಸಾಲಾಗಿ? ಅದ್ರ ಕೆಳಗೆ ಕಬ್ಣದ ಪೈಪ್ ಐತೆ. ಅದ್ರ ಮೇಲೇ ಕಾಲಿಡು. ಪಾದ ಅಡ್ಡ ಇಡು, ಉದ್ದ ಇಡ್ಬೇಡ. ಮಧ್ಯ ಇಟ್ರೆ ನನ್ ಪಕ್ಕಕ್ಕೇ ಬಂದ್ ಬೀಳ್ತೀಯ, ಮಂಚದಲ್ಲಿ ಜಾಗ ಇಲ್ಲ."

ಎದ್ದೆ. ಹುಕ್ಕಿನ ಮೇಲೆ ಕಾಲಿಟ್ಟೆ.

"ಹಾಂ. ಇನ್ನೊಂದು. ಬಕೆಟ್ ಎಡಗೈಗೆ ತಗೊ, ವಾಲ್ತಿದೀಯ. ಹಾಂ. ಈಗ ಅವ್ವನ ಹಾಸಿಗೆ ಮೇಲಿದೀಯ. ನಿಧಾನ. ಅಲ್ಲಿ ಒಂದು ಸಡಿಲ ಹುಕ್ಕೈತೆ, ಅದ್ನ ದಾಟು. ದಾಟ್ದಾ? ಈಗ ನನ್ ಎದೆ ಮೇಲವ್ನೆ ನೋಡವ್ವಾ, ನಿನ್ ದೊಡ್ ಮಗ!"

ನನ್ನ ಹೆಜ್ಜೆಯ ಸದ್ದಿನಿಂದಲೇ ನಾನು ಎಲ್ಲಿದ್ದೇನೆ ಅಂತ ಅವನಿಗೆ ಗೊತ್ತಾಗುತ್ತಿತ್ತು. ನನ್ನ ಕಣ್ಣಿಗೆ ಅವನು ಕಾಣುತ್ತಿರಲಿಲ್ಲ, ಅವನ ಕಣ್ಣಿಗೆ ನಾನು ಕಾಣುತ್ತಿರಲಿಲ್ಲ. ಆದರೆ ಅವನು ಬಿದ್ದ ದಿನದಿಂದ ನಾನು ಕೇಳದೇ ಇದ್ದ ದನಿ ಅದು. ಗ್ಯಾಂಗಿನವರನ್ನು ಗದರಿಸುವ, ಮೇಲೆ ನಿಂತವನ ದನಿ. ಬ್ರಷ್ಷು ಎಳೆಯುತ್ತಾ ಎಳೆಯುತ್ತಾ ನನ್ನ ಹೆದರಿಕೆ ಹೋಯಿತು. ಅವ್ವ ಹೊರಗೆ ನಿಂತು ಮೇಲೆ ನೋಡಲಾರದೆ ನೆಲ ನೋಡಿಕೊಂಡೇ, "ಇಳ್ದ್ನಾ? ಇಳ್ದ್ನಾ?" ಅಂತ ಪದ್ಮನನ್ನು ಕೇಳುತ್ತಿದ್ದಳು.

ಮಾರನೇ ದಿನ ಸೂಳಗಿರಿ ಕಡೆಯಿಂದ ಟೆಂಪೋದಲ್ಲಿ ಹುಲ್ಲು ತರಿಸಿ, ಅದೇ ಹುಕ್ಕಿನ ಸಾಲಿನಲ್ಲಿ ನಡೆದು ಹಾಸಿದೆ. ಗಾಳಿಗೆ ಹಾರದಿರಲಿ ಅಂತ ಹಗ್ಗ ಕಟ್ಟಿದೆ. ನೀರು ಚಿಮುಕಿಸಿದೆ. ಇಳಿದು ಒಳಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು, ಶೀಟು ಟಕ್ ಅನ್ನುತ್ತಿರಲಿಲ್ಲ. ಮನೆಯೊಳಗೆ ದನದ ಕೊಟ್ಟಿಗೆಯ ನೆರಳಿನ ವಾಸನೆ. ಮಂಜ ಕಣ್ಣು ಮುಚ್ಚಿಕೊಂಡಿದ್ದ. ಹಣೆ, ಕೆನ್ನೆ, ಭುಜ ಅಷ್ಟೇ ಅವನಿಗೆ ತಿಳಿಯುತ್ತಿದ್ದ ಮೈ. ಅಷ್ಟರಲ್ಲೇ ತಂಪು ತಿಳಿದಿತ್ತು.

"ಅಣ್ಣಾ, ನಿನ್ನ ತಂಪೊತ್ತಲ್ಲಿ ನೆನಸ್ಕಂತೀನಿ," ಅಂದ.

ಉಪಕಾರ ಮಾಡಿದವರನ್ನು ತಂಪು ಹೊತ್ತಿನಲ್ಲಿ ನೆನೆಯಬೇಕು ಅಂತ ನಮ್ಮಲ್ಲಿ ಮಾತಿದೆ. ನಾನು ನಕ್ಕು, "ಮೊದ್ಲು ತಂಪೊತ್ತು ಬರ್ಲಿ ಕಣ್ಲಾ. ಕತ್ತಿರಿ ಇನ್ನೂ ಮುಂದೈತೆ," ಅಂದೆ.

ಕತ್ತಿರಿ ಬಂತು. ಆ ದಿನಗಳನ್ನು ಈಗ ನೆನೆದರೆ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ಕಾಣುತ್ತದೆ. ಬೋರಿನ ನೀರು ಕಡಿಮೆಯಾಯಿತು. ಪದ್ಮ ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು, ಯಾವುದನ್ನೂ ಚೆಲ್ಲದೆ ಏಣಿಯ ಅರ್ಧಕ್ಕೆ ಹತ್ತಿ ಹುಲ್ಲಿಗೆ ಎರಚುತ್ತಿದ್ದಳು. ಕರೆಂಟು ಹೋದರೆ ಅವ್ವ ಬೀಸಣಿಗೆ ಹಿಡಿದಳೆಂದರೆ ಬರುವ ತನಕ ಕೈ ಬಿಡುತ್ತಿರಲಿಲ್ಲ. ಅವಳ ಮೂಗಿನ ತುದಿಯಿಂದ ಬೆವರು ಮಂಜನ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಂಜ ಅದನ್ನು ನೋಡಿ, "ಸೆಲ್ವಿ ಅಕ್ಕ ಹೇಳಿದ್ದು ಸರೀಗೈತೆ. ನನ್ ಬೆವ್ರು ನಿನ್ ಮೂಗಲ್ಲಿ ಬರ್ತೈತೆ," ಅಂದ. ಅವ್ವ ನಕ್ಕಳು. ಅವಳು ನಕ್ಕಿದ್ದು ಆ ಬೇಸಿಗೆಯಲ್ಲಿ ಅದೇ ಒಂದು ಸಲ ಇರಬೇಕು.

ಎಲ್ಲ ದಿನವೂ ನಗುವ ದಿನವಲ್ಲ. ಒಂದು ಮಧ್ಯಾಹ್ನ ನೀರೂ ಇಲ್ಲ, ಕರೆಂಟೂ ಇಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಹೇಳಿದ. "ಸಾಕ್ ಬುಡ್ರಿ. ನಾನೊಬ್ಬ ಹೋದ್ರೆ ನೀವಾದ್ರೂ ನೆಳ್ಳಲ್ಲಿ ಕೂತ್ಕತೀರ."

ಪದ್ಮ ಒದ್ದೆ ಪಂಚೆಯನ್ನು ಅವನ ಮೇಲೆ ರಪ್ಪನೆ ಹಾಸಿದಳು. "ನಾವ್ ಬೆವ್ರೋದಕ್ಕೆ ನಿನ್ ಕೇಳ್ಬೇಕಾ? ನಮ್ ಮೈ, ನಮ್ ಬೆವ್ರು. ನೀನ್ ನಿನ್ ಕೆಲ್ಸ ನೋಡು."

"ನನ್ ಕೆಲ್ಸ ಏನು ಅತ್ಗೆಮ್ಮಾ?"

"ತಣ್ಣಗಿರೋದು."

ಅವನು ಆಮೇಲೆ ಆ ಮಾತು ಎತ್ತಲಿಲ್ಲ.

ಕತ್ತಿರಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಕೃಷ್ಣಗಿರಿ ಕಡೆಯಿಂದ ಮೋಡ ಎದ್ದು ಬಂತು. ಗಾಳಿ, ಧೂಳು, ಆಮೇಲೆ ದಪ್ಪ ಹನಿ. ಶೀಟಿನ ಮನೆಯಲ್ಲಿ ಮಳೆ ಬಂದರೆ ತಮಟೆ ಬಡಿದ ಹಾಗೆ, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಆ ದಿನ ಹುಲ್ಲು ಇದ್ದದ್ದರಿಂದ ಮಳೆ ಮೆತ್ತಗೆ ಬಿತ್ತು. ನಾವೆಲ್ಲ ಮಾತಾಡಿದ್ದು ಕೇಳುತ್ತಿತ್ತು. ಸೆಲ್ವಿ ಅಕ್ಕ ನೆನೆದುಕೊಂಡೇ ಬಾಗಿಲಿಗೆ ಬಂದು, "ದಾಟಿಸಿಬಿಟ್ಟಿರಲ್ಲ!" ಅಂದರು. ಪದ್ಮ ಹೆಸರುಬೇಳೆ ಪಾಯಸ ಮಾಡಿದಳು. ಗೆದ್ದೆವು ಅಂದುಕೊಂಡೆವು. ಗೆದ್ದೂ ಇದ್ದೆವು. ಬಿಸಿಲಿನ ಕೈಯಿಂದ ಅವನನ್ನು ಬಿಡಿಸಿಕೊಂಡಿದ್ದೆವು.

ಆಷಾಢದ ಗಾಳಿ ಶುರುವಾಯಿತು. ದಿನವೆಲ್ಲ ಜಿಟಿಜಿಟಿ, ಬಿಸಿಲಿಲ್ಲ. ನೆನೆದ ಹುಲ್ಲು ಮೇಲೆ ಕೊಳೆಯತೊಡಗಿತು. ತೆಗೆಯಲು ಏಣಿ ಇಟ್ಟೆ. ಮಂಜ ಬೇಡ ಅಂದ. "ಇರ್ಲಿ ಬುಡಣ್ಣ, ಮಳೆ ಸದ್ದು ಚೆನ್ನಾಗ್ ಕೇಳ್ತೈತೆ." ಆಮೇಲೆ ಅವನಿಗೆ ಕೆಮ್ಮು ಬಂತು. ಕೆಮ್ಮು ಅಂದರೆ ನಮ್ಮ ನಿಮ್ಮ ಹಾಗಲ್ಲ. ಎದೆಗೆ ಕಫ ಎತ್ತಿ ಹಾಕುವ ಬಲ ಇರಲಿಲ್ಲ. ಆಗ ನಾನು ಅವನು ಬೇಡ ಅಂದರೂ ಕೇಳದೆ ಹುಲ್ಲನ್ನೆಲ್ಲ ಇಳಿಸಿದೆ. ಹೆಜ್ಜೆಗೆ ದಾರಿ ಹೇಳಲು ಅವನಿಗೆ ಉಸಿರು ಸಾಲದು. ನಾನೇ ಕಲಿತಿದ್ದೆ. ಹುಲ್ಲಿನಿಂದ ಬಂದದ್ದೇನಾ ಅಂತ ಸೆಲ್ವಿ ಅಕ್ಕನನ್ನು ಕೇಳಿದೆ. "ಇಲ್ಲ ತಮ್ಮಾ. ಇದು ಇವತ್ತಲ್ಲ ನಾಳೆ ಬರೋದೇ," ಅಂದರು. ಕೃಷ್ಣಗಿರಿ ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಇಟ್ಟುಕೊಂಡು, ಕಫ ಇಳಿದಿದೆ ಅಂತ ಮನೆಗೆ ಕಳಿಸಿದರು. ಸೆಲ್ವಿ ಅಕ್ಕ ಒಂದು ಮಾತು ಹೇಳಿದರು, ಬೆವರಲು ಬಾರದ ಮೈಗೆ ಚಳಿಗೆ ನಡುಗಿ ಬಿಸಿಯಾಗಲೂ ಬಾರದು ಅಂತ. ಆ ಹಳೆಯ ಕಂಬಳಿಯನ್ನು ಅವ್ವ ಮತ್ತೆ ಗೂಡಿನಿಂದ ತೆಗೆದು ಹೊದಿಸಿದಳು. ಈ ಸಲ ಅದನ್ನು ಯಾರೂ ಕಿತ್ತು ಎಸೆಯಲಿಲ್ಲ.

ಮನೆಗೆ ಬಂದ ಮೇಲೆ ಅವನು ಸ್ವಲ್ಪ ಗೆಲುವಾಗಿಯೇ ಇದ್ದ. ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದೆ. ಒಂದು ಬೆಳಗ್ಗೆ ಹೊರಡುವಾಗ, "ಅಣ್ಣಾ, ಬರೋವಾಗ ಬಿಸಿ ಬೋಂಡ ತತ್ತೀಯಾ?" ಅಂದ. "ತತ್ತೀನಿ," ಅಂದೆ.

ಟೀ ಬ್ರೇಕಿನಲ್ಲಿ ಹೊರಗೆ ಬಂದು ಫೋನು ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಅವ್ವ ಎತ್ತಿದಳು.

"ಹೆಂಗವ್ನೆ?"

"ತಣ್ಣಗವ್ನೆ ಕಣಪ್ಪಾ."

"ಸರಿ," ಅಂದು ಇಟ್ಟುಬಿಟ್ಟೆ.

ಟೀ ಲೋಟ ಎತ್ತಿಕೊಂಡೆ. ಜೊತೆಯವನು ಏನೋ ಹೇಳಿದ, ನಕ್ಕೆ. ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ತೋಳಿನ ಮೇಲೆ ಒಂದು ಹನಿ ಬಿತ್ತು, ಚಳಿ ಅನ್ನಿಸಿ ಒರೆಸಿಕೊಂಡೆ. ಆಗ ನನ್ನ ಕೈ ನಿಂತಿತು. ಈಗ ಬೇಸಿಗೆ ಅಲ್ಲ. ಈಗ ನಾವು ಅವನನ್ನು ತಣ್ಣಗೆ ಇಡುತ್ತಿಲ್ಲ. ಕಂಬಳಿ ಹೊದಿಸಿದ್ದೇವೆ.

ಅವ್ವ ಬೇರೆ ಏನು ಹೇಳುತ್ತಿದ್ದಳು? ಎದ್ದು ಹೋಗಿ ದಿನದ ಹಾಗೆ ಅಂಗೈ ಇಟ್ಟು ನೋಡಿದ್ದಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಅಷ್ಟು ದಿನ ಆ ಮಾತನ್ನು ಕೇಳಿಸಿಕೊಳ್ಳಲೆಂದೇ ನಾವು ಬದುಕಿದ್ದೆವು.

ಗೇಟಿನಲ್ಲಿ ಏನು ಹೇಳಿ ಬಂದೆನೋ ನೆನಪಿಲ್ಲ. ಮನೆಗೆ ಬಂದಾಗ ಪದ್ಮ ಅವನ ಎರಡೂ ಪಾದಗಳನ್ನು ಹಿಡಿದು ಉಜ್ಜುತ್ತಾ ಕೂತಿದ್ದಳು, ಬಿಸಿ ಬರಲಿ ಅಂತ. ಅವ್ವನ ಕೈಯಲ್ಲಿ ಫೋನು ಹಾಗೇ ಇತ್ತು. ಕಿವಿಗೆ ಹಿಡಿದುಕೊಂಡೇ ಇದ್ದಳು.

ಈಗ ನಾವು ಮೋಲ್ಡಿನ ಮನೆಯಲ್ಲಿದ್ದೇವೆ. ಮೇಲೆ ಇನ್ನೊಂದು ಮನೆ ಇರುವುದರಿಂದ ಬಿಸಿಲು ನಮ್ಮ ತನಕ ಇಳಿಯುವುದಿಲ್ಲ. ಆ ವರ್ಷದಿಂದ ಅವ್ವನ ಬಾಯಲ್ಲಿ ಆ ಮಾತು ಬಂದಿಲ್ಲ. ಅನ್ನ ತಣ್ಣಗಾಯಿತು ಅನ್ನುವುದಿಲ್ಲ, ಆರೋಯ್ತು ಅನ್ನುತ್ತಾಳೆ. ಪದ್ಮನೂ ಹಾಗೇ. ನಾವು ಮಾತಾಡಿಕೊಂಡು ಮಾಡಿದ್ದಲ್ಲ, ಅದು ತಾನಾಗಿ ಮನೆಯಿಂದ ಆಚೆ ಹೋಯಿತು.

ಕೆಡವಿದ ಮನೆ ನೋಡಿ ಬಂದ ದಿನ ಸೆಕೆಗೆ ನನ್ನ ಮಗಳು ಚಾಪೆ ಒದ್ದು ಬರೀ ನೆಲದ ಮೇಲೆ ಉರುಳಾಡುತ್ತಿದ್ದಳು. ಅವಳು ಹುಟ್ಟಿದ್ದು ಮಂಜ ಹೋದ ಮೇಲೆ, ಅವನನ್ನು ಫೋಟೋದಲ್ಲಿ ಮಾತ್ರ ಕಂಡವಳು. "ಅಜ್ಜೀ, ಇಲ್ಲಿ ಬಾ, ಇಲ್ಲಿ ಮುಟ್ಟು. ತಣ್ಣಗೈತೆ!" ಅಂದಳು. ಪದ್ಮ ಅಡುಗೆಮನೆಯಿಂದ ತಿರುಗಿ ನೋಡಿದಳು. ಅವ್ವ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತು, ಮಗು ತೋರಿಸಿದ ಜಾಗದಲ್ಲಿ ಅಂಗೈ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ.

"ಹೂಂ ಕಣವ್ವಾ," ಅಂದಳು, ಅಷ್ಟೆ.

ಇದನ್ನು ಓದಿದ ನಿಮ್ಮ ಮನೆಯಲ್ಲೂ ಯಾರನ್ನೋ ಬಿಸಿಲಿನಿಂದಲೋ ಚಳಿಯಿಂದಲೋ ಕಾಪಾಡಲು ಒದ್ದಾಡಿದ ಒಂದು ವರ್ಷ ಇದ್ದೀತು. ನೀವೂ ಬಾಯಿಗೆ ತರಲಾರದೆ ಬಿಟ್ಟ ಒಂದು ಮಾತು ಇದ್ದೀತು. ಬರೆಯಿರಿ, ತಪ್ಪಿದ್ದರೂ ಪರವಾಗಿಲ್ಲ, ನಾನು ಒಂದೊಂದಕ್ಷರ ಕೂಡಿಸಿಕೊಂಡಾದರೂ ಓದುತ್ತೇನೆ. ನನಗೆ ಮಾತ್ರ ಮಂಜ ನೆನಪಾಗುವುದು ಯಾವಾಗಲೂ ಮಟಮಟ ಮಧ್ಯಾಹ್ನ, ಬಿಸಿಲು ನೆತ್ತಿ ಸುಡುವಾಗ. ಇದನ್ನಾದರೂ ಸಂಜೆ, ಹೊತ್ತು ತಂಪಾದ ಮೇಲೆ ಕೂತು ಬರೆದಿದ್ದೇನೆ.